ಮಳೆ ಬಿಡಿ, ಗಾಳಿ ನೋಡಿ: ಫ್ರೀಸ್‌ಲ್ಯಾಂಡ್‌ನಲ್ಲಿ ಮೋಟಾರ್ ದೋಣಿ ನಡೆಸುವುದು ಹೇಗೆ?

ಬೇಸಿಗೆಯಲ್ಲಿ ನೆದರ್ಲೆಂಡ್ಸ್‌ನ ಮಗನ ಮನೆಗೋ ಮಗಳ ಮನೆಗೋ ಹೋದವರು ಆಮ್‌ಸ್ಟರ್‌ಡ್ಯಾಮ್ ಕಾಲುವೆಯಲ್ಲಿ ಒಂದು ಸುತ್ತು ಹೊಡೆದು ಬರುತ್ತಾರೆ. ಉತ್ತರದ ಫ್ರೀಸ್‌ಲ್ಯಾಂಡ್ ಪ್ರಾಂತ್ಯದಲ್ಲಿ ಇದಕ್ಕಿಂತ ದೊಡ್ಡ ಖುಷಿ ಇದೆ. ಅಡುಗೆ ಒಲೆ, ಹಾಸಿಗೆ ಎಲ್ಲ ಇರುವ ಉಕ್ಕಿನ ದೋಣಿಯನ್ನು ಬಾಡಿಗೆಗೆ ಪಡೆದು ನೀವೇ ನಡೆಸಬಹುದು. ದೋಣಿ 15 ಮೀಟರ್‌ಗಿಂತ ಚಿಕ್ಕದಿದ್ದು, ಗಂಟೆಗೆ 20 ಕಿ.ಮೀ. ಮೀರಿ ಓಡದಂಥದ್ದಾದರೆ ಲೈಸೆನ್ಸ್ ಬೇಕಿಲ್ಲ.

ತೊಡಕು ಇರುವುದು ಹವಾಮಾನದಲ್ಲಿ. ಬೆಳಿಗ್ಗೆ ಬಿಸಿಲು, ಹತ್ತು ಗಂಟೆಗೆ ಮಳೆ, ಊಟದ ಹೊತ್ತಿಗೆ ಮತ್ತೆ ಬಿಸಿಲು. ಹೊಸಬರು ಮಳೆಗೆ ಹೆದರುತ್ತಾರೆ. ಮಳೆಗೆ ಜರ್ಕಿನ್ ಸಾಕು. ದಿನದ ಲೆಕ್ಕ ಹಾಕಬೇಕಾದದ್ದು ಗಾಳಿ ನೋಡಿಕೊಂಡು.

ಹೊರಡುವ ಮೊದಲು

ಡಚ್ಚರ ಹವಾಮಾನ ಸಂಸ್ಥೆ ಕೆಎನ್ಎಂಐ. ಗಾಳಿಯ ಬಲವನ್ನು ಅಲ್ಲಿ ಬ್ಯೂಫೋರ್ಟ್ ಅಂಕಿಯಲ್ಲಿ ಹೇಳುತ್ತಾರೆ. 3 ಇದ್ದರೆ ಆರಾಮ. 4ಕ್ಕೆ ಹುಷಾರು. 5 ಎಂದರೆ ಗಂಟೆಗೆ ಸುಮಾರು 29ರಿಂದ 38 ಕಿ.ಮೀ. ವೇಗ. ಹೊಸಬರು ಅಂದು ದೊಡ್ಡ ಕೆರೆಗಳಿಗೆ ಇಳಿಯದಿರುವುದೇ ಒಳ್ಳೆಯದು. ಮಳೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ತಿಳಿಯಲು ಬೌಯೆನ್‌ರಾಡಾರ್ ಆ್ಯಪ್ ಚೆನ್ನಾಗಿದೆ.

ಫೋನ್ ಇಲ್ಲದೆಯೂ ಒಂದು ಪರೀಕ್ಷೆ ಮಾಡಬಹುದು. 1854ರಲ್ಲಿ ಕೆಎನ್ಎಂಐ ಕಟ್ಟಿದ ಬೈಸ್ ಬಾಲೊಟ್ ಅವರ ಹೆಸರಿನ ನಿಯಮ ಇದು. ಗಾಳಿಗೆ ಬೆನ್ನು ಕೊಟ್ಟು ನಿಂತರೆ ನಿಮ್ಮ ಎಡಗೈ ಕಡೆ ಕಡಿಮೆ ಒತ್ತಡ, ಅಂದರೆ ಕೆಟ್ಟ ಹವೆ ತರುವ ವಾಯುಭಾರ ಕುಸಿತ, ಇರುತ್ತದೆ. ದಕ್ಷಿಣದ ಗಾಳಿ ಬೀಸುತ್ತಿದ್ದರೆ ಎಡಗೈ ಪಶ್ಚಿಮಕ್ಕೆ ಬಂತು, ಅಲ್ವಾ? ಇಲ್ಲಿ ಹವೆ ಹೆಚ್ಚಾಗಿ ಪಶ್ಚಿಮದಿಂದಲೇ ಬರುತ್ತದೆ. ಹಾಗಾಗಿ ದಕ್ಷಿಣದ ಗಾಳಿ ಜೋರಾಗುತ್ತಿದ್ದರೆ ಕೆಟ್ಟ ಹವೆ ಇನ್ನೂ ಬರುವುದಿದೆ ಎಂದು ತಿಳಿಯಿರಿ. ಗಾಳಿ ತಿರುಗಿ ವಾಯವ್ಯದಿಂದ ಬೀಸತೊಡಗಿದರೆ ಬಹುಮಟ್ಟಿಗೆ ಅದು ದಾಟಿಹೋಗಿದೆ.

ಎರಡು ದಾರಿ ಇಟ್ಟುಕೊಳ್ಳಿ

ಪ್ರತಿದಿನಕ್ಕೂ ಒಂದು ಕೆರೆಯ ದಾರಿ, ಒಂದು ಕಾಲುವೆಯ ದಾರಿ ಗುರುತು ಮಾಡಿ. ತ್ಯೋಕೆಮೇರ್, ಸ್ನೇಕರ್‌ಮೇರ್‌ನಂಥ ಕೆರೆಗಳು ಅಗಲವಾಗಿವೆ, ಆದರೆ ಆಳ ಕಡಿಮೆ. ಆಳವಿಲ್ಲದ ನೀರಿನಲ್ಲಿ ಗಾಳಿ ಗಿಡ್ಡ, ಕಡಿದಾದ ಅಲೆ ಎಬ್ಬಿಸುತ್ತದೆ. ಒಳಗೆ ಪಾತ್ರೆಗಳೆಲ್ಲ ಉರುಳುತ್ತವೆ. ಅಂಥ ದಿನ ಸ್ನೇಕ್‌ನಿಂದ ಐಲ್ಸ್ಟ್ ಊರಿನ ಕಡೆ ಹೋಗುವಂಥ ಕಿರಿದಾದ ನೀರಿನಲ್ಲಿ ಸಾಗಿ.

ಐಸೆಲ್‌ಮೇರ್ ಬೇರೆಯದೇ ಲೆಕ್ಕ. 32 ಕಿ.ಮೀ. ಉದ್ದದ ಆಫ್‌ಸ್ಲೌಟ್‌ಡೈಕ್ ಕಟ್ಟೆ 1932ರಲ್ಲಿ ಮುಗಿಯುವವರೆಗೆ ಅದು ಸಮುದ್ರದ ತೋಳಾಗಿತ್ತು. ಅಲ್ಲಿಗೆ ಇಳಿಯಬಹುದೇ ಎಂದು ಬಾಡಿಗೆ ಕರಾರು ಓದಿ, ಕೇಳಿ ತಿಳಿದುಕೊಳ್ಳಿ. ಗಾಳಿ ಒಂದೇ ದಿಕ್ಕಿನಿಂದ ತುಂಬಾ ಹೊತ್ತು ಬೀಸಿದರೆ ಅಲ್ಲಿಯ ನೀರು ಒಂದು ಬದಿಗೆ ಏರುತ್ತದೆ, ಇನ್ನೊಂದು ಬದಿಯಲ್ಲಿ ಇಳಿಯುತ್ತದೆ.

ಸೇತುವೆಯ ಮುಂದೆ

ಕೆಂಪು ದೀಪ ಇದ್ದರೆ ನಿಲ್ಲಿ. ಕೆಂಪು, ಹಸಿರು ಒಟ್ಟಿಗೆ ಉರಿದರೆ ಸೇತುವೆ ಇನ್ನೇನು ತೆರೆಯುತ್ತದೆ. ಹಸಿರು ಬಂದಮೇಲೆ ಹೊರಡಿ. ಒಂದರ ಕೆಳಗೊಂದು ಎರಡು ಕೆಂಪು ದೀಪ ಕಂಡರೆ ಈಗ ತೆರೆಯುವವರಿಲ್ಲ ಎಂದರ್ಥ. ಬೇಸಿಗೆಯ ಸುಡುಬಿಸಿಲಿಗೆ ಉಕ್ಕಿನ ಸೇತುವೆಗಳು ಹಿಗ್ಗಿ ಸಿಕ್ಕಿಕೊಳ್ಳುವುದೂ ಉಂಟು. ಆಗ ಅವಕ್ಕೆ ನೀರು ಹೊಡೆದು ತಂಪು ಮಾಡುತ್ತಾರೆ!

ಗಾಳಿ ಬೆನ್ನ ಹಿಂದಿನಿಂದ ಬರುತ್ತಿದ್ದರೆ ಸೇತುವೆಯ ಹತ್ತಿರ ಹೋಗಿ ಕಾಯಬೇಡಿ. ದೋಣಿ ನಿಂತಲ್ಲಿ ನಿಲ್ಲುವುದಿಲ್ಲ. ದೂರದಲ್ಲೇ ಕಾಯುವ ಕಟ್ಟೆಗೆ ಹಗ್ಗ ಹಾಕಿ.

ದಂಡೆಗೆ ಕಟ್ಟುವುದು

ಹೆಚ್ಚು ಜನ ಗಾಬರಿಯಾಗುವುದು ಇಲ್ಲೇ. ಮೊದಲು ಅಕ್ಕಪಕ್ಕದ ದೋಣಿಗಳ ಬಾವುಟ ನೋಡಿ ಗಾಳಿಯ ದಿಕ್ಕು ತಿಳಿದುಕೊಳ್ಳಿ. ದೋಣಿಯ ಬದಿ ದಂಡೆಗೆ ಉಜ್ಜದಂತೆ ತಡೆಯುವ ಮೆತ್ತೆಗಳನ್ನು (ಫೆಂಡರ್) ಮೊದಲೇ ಇಳಿಬಿಡಿ. ಸಾಧ್ಯವಾದಷ್ಟೂ ಗಾಳಿಗೆ ಎದುರಾಗಿ, ನಡಿಗೆಯ ವೇಗಕ್ಕಿಂತ ನಿಧಾನವಾಗಿ ಬನ್ನಿ.

ಗಾಳಿ ದಂಡೆಯಿಂದ ಆಚೆ ತಳ್ಳುತ್ತಿದ್ದರೆ ಹೀಗೆ ಮಾಡಿ. ದೋಣಿಯ ಮೂತಿಯನ್ನು ಓರೆಯಾಗಿ ದಂಡೆಗೆ ತಾಗಿಸಿ. ಮೂತಿಯ ಹತ್ತಿರದಿಂದ ಒಂದು ಹಗ್ಗವನ್ನು ಹಿಂದಕ್ಕೆ ಎಳೆದು, ದಂಡೆಯಲ್ಲಿ ಸ್ವಲ್ಪ ಹಿಂದಿರುವ ಗೂಟಕ್ಕೆ ಸುತ್ತಿ. ಇನ್ನು ಗೇರ್ ಮುಂದಕ್ಕೆ ಹಾಕಿ, ಎಂಜಿನ್ ಮೆತ್ತಗೆ ಓಡಲಿ. ಸ್ಟಿಯರಿಂಗ್ ಚಕ್ರವನ್ನು ದಂಡೆಯಿಂದ ಆಚೆಗೆ ತಿರುಗಿಸಿ. ಹಗ್ಗ ಬಿಗಿಯಾಗುತ್ತಿದ್ದಂತೆ ಹಿಂಭಾಗ ತಾನಾಗಿ ದಂಡೆಗೆ ಬರುತ್ತದೆ. ಗಾಳಿಯಿಲ್ಲದ ದಿನ ಒಂದೆರಡು ಸಲ ಇದನ್ನು ಅಭ್ಯಾಸ ಮಾಡಿದರೆ ಅರ್ಧ ಭಯ ಹೋಗುತ್ತದೆ. ಯಾರೂ ದಂಡೆಗೆ ಜಿಗಿಯಬಾರದು, ಕೈಕಾಲು ಒಡ್ಡಿ ದೋಣಿ ತಡೆಯಬಾರದು. ಎಷ್ಟೋ ಟನ್ ಉಕ್ಕು ಅದು. ಎಲ್ಲರೂ ಲೈಫ್ ಜಾಕೆಟ್ ಹಾಕಿರಲಿ. ಅಜ್ಜ, ಅಜ್ಜಿ, ಮಕ್ಕಳನ್ನು ಆ ಹೊತ್ತಿಗೆ ಕೂರಿಸಿಬಿಡಿ.

ಸರಕು ಹಡಗು, ಮಂಜು

ಲೆಮ್ಮರ್‌ನಿಂದ ಹೊರಡುವ ಪ್ರಿನ್ಸೆಸ್ ಮಾರ್ಗ್ರೀಟ್ ಕಾಲುವೆಯಲ್ಲಿ ದೊಡ್ಡ ಸರಕು ಹಡಗುಗಳು ಓಡಾಡುತ್ತವೆ. ನೀವು ಬಲಬದಿ ಬಿಡಬೇಡಿ. ಹಡಗಿನ ಮುಂದೆ 350 ಮೀಟರ್‌ವರೆಗೂ ಅದರ ಕ್ಯಾಪ್ಟನ್‌ಗೆ ಕಾಣದ ಜಾಗ ಇರಬಹುದು. ಅದರ ಮುಂದೆ ಅಡ್ಡ ದಾಟಲೇಬೇಡಿ. ಮಂಜು ಮುಸುಕಿದರೆ ರೇಡಾರ್ ಇಲ್ಲದ ದೋಣಿ ಹತ್ತಿರದ ಸುರಕ್ಷಿತ ಜಾಗದಲ್ಲಿ ನಿಲ್ಲಬೇಕು. ಅಪಾಯವಾದರೆ ಫೋನ್ 112.

ರಾತ್ರಿ ತಂಗಲು ಮಾರೆಕ್ರೀಟೆ ಸಂಸ್ಥೆಯ ಕಟ್ಟೆಗಳಿವೆ. ಹುಲ್ಲುಗಾವಲಿನ ನಡುವಿನ ಇವಕ್ಕೆ ಬಾಡಿಗೆ ಇಲ್ಲ. ಜಾಗ ಆರಿಸುವಾಗ ಸಂಜೆಯ ಗಾಳಿಯನ್ನಷ್ಟೇ ನೋಡಬೇಡಿ. ನಸುಕಿಗೆ ಅದು ಯಾವ ಕಡೆ ತಿರುಗುತ್ತದೆ ಎಂಬುದನ್ನೂ ನೋಡಿ, ಆ ಕಡೆಯಿಂದ ಮರೆ ಇರುವ ದಂಡೆಗೇ ಕಟ್ಟಿ.

ಕೆಎನ್ಎಂಐ ಕಿತ್ತಳೆ ಎಚ್ಚರಿಕೆ ಕೊಟ್ಟ ದಿನ ಹಗ್ಗ ಬಿಚ್ಚಬೇಡಿ. ಲೆಮ್ಮರ್‌ನಲ್ಲಿದ್ದರೆ ವೌಡಾಖೆಮಾಲ್‌ಗೆ ಹೋಗಿ. 1920ರಲ್ಲಿ ಶುರುವಾದ, ಉಗಿಯಿಂದ ನಡೆಯುವ ಪಂಪ್‌ಹೌಸ್ ಅದು. 1998ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಫ್ರೀಸ್‌ಲ್ಯಾಂಡ್‌ನಲ್ಲಿ ನೀರು ತೀರಾ ಏರಿದಾಗ ಈಗಲೂ ಅದರ ಬಾಯ್ಲರ್ ಹೊತ್ತಿಸುತ್ತಾರೆ.