ಖಿನ್ನತೆಯೋ ಸ್ಕಿಜೋಫ್ರೇನಿಯಾವೋ: ಮನೆಯವರು ಗಮನಿಸಬೇಕಾದದ್ದು

ಮಂಗಳೂರಿನಲ್ಲೋ ಮಣಿಪಾಲದಲ್ಲೋ ಓದುತ್ತಿರುವ, ಇಪ್ಪತ್ತರ ಆಸುಪಾಸಿನ ಮಗನೋ ಮಗಳೋ ಕೋಣೆ ಬಿಟ್ಟು ಹೊರಬರದೆ, ಸ್ನಾನ ಊಟಗಳ ಗೊಡವೆಯಿಲ್ಲದೆ, ಕೇಳಿದ್ದಕ್ಕೆ ಒಂದೇ ಮಾತಿನಲ್ಲಿ ಉತ್ತರಿಸಿ ಸುಮ್ಮನಾಗುವುದು ಖಿನ್ನತೆ, ಸ್ಕಿಜೋಫ್ರೇನಿಯಾ ಈ ಎರಡೂ ಕಾಯಿಲೆಗಳಲ್ಲಿ ಕಾಣಿಸಬಹುದು. ಆದ್ದರಿಂದ ವರ್ತನೆಯನ್ನಷ್ಟೇ ನೋಡಿ ತೀರ್ಮಾನಕ್ಕೆ ಬರದೆ, ಅದರ ಕಾರಣವನ್ನು ಅವರ ಬಾಯಿಂದಲೇ ನಿಧಾನವಾಗಿ ಕೇಳಿ ತಿಳಿಯಬೇಕು.

“ಯಾವುದರಲ್ಲೂ ಮನಸ್ಸಿಲ್ಲ, ನನ್ನಿಂದ ಯಾರಿಗೂ ಪ್ರಯೋಜನವಿಲ್ಲ” ಎಂಬ ಉತ್ತರ ಬಂದು, ಬೇಸರ ಅಥವಾ ನಿರಾಸಕ್ತಿ ಕನಿಷ್ಠ 2 ವಾರ ಹೆಚ್ಚುಕಡಿಮೆ ದಿನವಿಡೀ ಇದ್ದು, ನಿದ್ರೆ, ಹಸಿವು, ಏಕಾಗ್ರತೆಗಳೂ ಕೆಟ್ಟಿದ್ದರೆ ಅದು ಖಿನ್ನತೆಯಿರಬಹುದು. “ಹೊರಗೆ ಹೋದರೆ ಹಿಂಬಾಲಿಸುತ್ತಾರೆ, ಅನ್ನಕ್ಕೆ ಏನೋ ಬೆರೆಸಿದ್ದಾರೆ, ನನ್ನ ಬಗ್ಗೆ ಯಾರೋ ಮಾತಾಡುವುದು ಕೇಳಿಸುತ್ತದೆ” ಎಂದು ಅಚಲವಾಗಿ ನಂಬಿದ್ದರೆ, ಮಾತಿನ ಎಳೆಯೂ ತಪ್ಪುತ್ತಿದ್ದರೆ, ಸ್ಕಿಜೋಫ್ರೇನಿಯಾವನ್ನು ಶಂಕಿಸಬೇಕಾಗುತ್ತದೆ. ಅಂಥವರಲ್ಲಿ ದುಃಖವೇ ಇಲ್ಲದಿರಬಹುದು. ಮುಖದ ಭಾವಶೂನ್ಯತೆಯನ್ನು ಬೇಸರವೆಂದು ಮನೆಯವರು ತಿಳಿಯುವುದುಂಟು.

ತೊಡಕಿರುವುದು ತೀವ್ರ ಖಿನ್ನತೆಯಲ್ಲೂ ದನಿಗಳು ಕೇಳಿಸಬಹುದು ಎಂಬಲ್ಲಿ. ಅಲ್ಲಿ ಅವು ಸಾಮಾನ್ಯವಾಗಿ ಕುಗ್ಗಿದ ಮನಸ್ಸಿಗೆ ತಕ್ಕಂತೆ “ನೀನು ಪಾಪಿ” ಎಂದು ಹಳಿಯುತ್ತವೆ, ಖಿನ್ನತೆ ಇಳಿದಂತೆ ನಿಲ್ಲುತ್ತವೆ. ಸ್ಕಿಜೋಫ್ರೇನಿಯಾದಲ್ಲಾದರೋ ಮನಸ್ಸು ಕುಗ್ಗಿಲ್ಲದ ದಿನಗಳಲ್ಲೂ ಮುಂದುವರಿಯುತ್ತವೆ. ಹೀಗಾಗಿ ಬೇಸರ ಮೊದಲೋ ದನಿ ಮೊದಲೋ, ಒಂದಿಲ್ಲದಾಗ ಇನ್ನೊಂದು ಇತ್ತೋ ಎಂಬುದನ್ನು ತಾರೀಖಿನೊಂದಿಗೆ ಬರೆದಿಡಿ. ಈ ಎರಡರಲ್ಲಿ ಯಾವುದನ್ನೂ ಖಚಿತಪಡಿಸುವ ರಕ್ತಪರೀಕ್ಷೆ ಇಲ್ಲದಿರುವುದರಿಂದ ವೈದ್ಯರಿಗೆ ಆ ಟಿಪ್ಪಣಿಯೇ ದೊಡ್ಡ ಆಧಾರ. ಗಾಂಜಾ ಸೇವನೆಯಿದ್ದರೆ ಮುಚ್ಚಿಡಬೇಡಿ. ಅದರಿಂದಲೂ ಭ್ರಮೆ ಹುಟ್ಟುತ್ತದೆ.

ದೈವಾರಾಧನೆಯ ಕೋಲದಲ್ಲಿ ಪಾತ್ರಿಗೆ ದರ್ಶನ ಬರುವುದನ್ನು, ಅಂದರೆ ಮೈಮೇಲೆ ದೈವ ಬರುವುದನ್ನು, ಕಾಯಿಲೆಯ ಲೆಕ್ಕಕ್ಕೆ ಸೇರಿಸಬಾರದು. ಅದಕ್ಕೆ ಕಾಲ, ಸ್ಥಳ, ಕಟ್ಟುಕಟ್ಟಳೆಗಳಿವೆ, ಮುಗಿದ ಮೇಲೆ ಅವರು ತಮ್ಮ ಕೆಲಸಕ್ಕೆ ಮರಳುತ್ತಾರೆ. ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡಿಸಿ ಕಾರಣ ಕೇಳುವುದು ನಿಮ್ಮ ನಂಬಿಕೆಗೆ ಬಿಟ್ಟದ್ದು, ಆದರೆ ಅದರ ಪರಿಹಾರ ಮುಗಿಯಲೆಂದು ವೈದ್ಯರ ಭೇಟಿಯನ್ನು ಮುಂದೂಡಬೇಡಿ.

ಭ್ರಮೆಯನ್ನು ವಾದಿಸಿ ಅಳಿಸಲಾಗದು, ಹೌದೆಂದು ಒಪ್ಪಿಕೊಳ್ಳಲೂಬಾರದು. “ನಿನಗೆ ಹೆದರಿಕೆಯಾಗುತ್ತಿದೆ ಎಂದು ತಿಳಿಯುತ್ತದೆ” ಎಂದರೆ ಸಾಕು. ಎರಡು ಕಾಯಿಲೆಗಳಿಗೂ ಮುಖ್ಯ ಔಷಧಗಳು ಬೇರೆಯಾದ್ದರಿಂದ ನೆಂಟರ ಮಾತ್ರೆಯನ್ನು ಕೊಡಬೇಡಿ. ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಯಲ್ಲೂ ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲೂ ಮನೋವೈದ್ಯರನ್ನು ಕಾಣಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಬಹುದು. ಸಾಯುವ ಮಾತು ಬಂದರೆ ಕಾಯಿಲೆ ಯಾವುದೆಂದು ವಿಚಾರಿಸುತ್ತ ಕೂರದೆ, ಒಬ್ಬರನ್ನೇ ಬಿಡದೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.