ಹೆಪ್ಪುಗಟ್ಟಿದ ಸರೋವರದ ಮೇಲೆ ಗಾಳ ಹಾಕುವವರ ಉಡುಪು

ಅಮೆರಿಕದ ಮಿನ್ನೆಸೋಟದಲ್ಲಿ ಜನವರಿಯ ಬೆಳಗಿನ ತಾಪಮಾನ ಶೂನ್ಯಕ್ಕಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದು ಅಪರೂಪವಲ್ಲ; ಅಲ್ಲಿನ ಮಿಲ್ ಲ್ಯಾಕ್ಸ್‌ನಂಥ ಹೆಪ್ಪುಗಟ್ಟಿದ ಸರೋವರದ ಮೇಲೆ ಗಂಟೆಗಟ್ಟಲೆ ಕದಲದೆ ಕುಳಿತು ಗಾಳ ಹಾಕುವವರು ಒಂದೇ ದಪ್ಪ ಕೋಟನ್ನು ನಂಬದೆ ಪದರ ಪದರವಾಗಿ ಉಡುಪು ತೊಡಬೇಕು. ಮೈಗೆ ತಾಗುವ ಪದರ ಮೆರಿನೋ ಉಣ್ಣೆಯದೋ ಪಾಲಿಯೆಸ್ಟರಿನದೋ ಆಗಿರಲಿ. ನಮ್ಮೂರಿನ ಸೆಕೆಗೆ ಒಗ್ಗಿದ ಹತ್ತಿಯ ಬನಿಯನ್ ಮಾತ್ರ ಖಂಡಿತ ಬೇಡ, ಏಕೆಂದರೆ ಹತ್ತಿಯು ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿದು ದೇಹದ ಶಾಖವನ್ನು ಕಸಿಯುತ್ತದೆ. ಆ ಮೊದಲ ಪದರದ ಮೇಲೆ ಫ್ಲೀಸ್ ಎಂಬ ಮೆತ್ತನೆಯ ಬೆಚ್ಚನೆ ಬಟ್ಟೆ, ಹೊರಗೆ ಗಾಳಿ ಮತ್ತು ನೀರನ್ನು ತಡೆಯುವ ಜಾಕೆಟ್ ಇರಲಿ. ನೀರಿಗೆ ಬಿದ್ದರೂ ತೇಲಿಸುವ ಬಗೆಯ ಸೂಟ್ ಕೊಳ್ಳಲು ಸಾಧ್ಯವಾದರೆ ಅದೇ ಲೇಸೆಂಬುದು ನನ್ನ ಅಭಿಪ್ರಾಯ. ಗಾಳ ಇಳಿಬಿಡಲು ಮಂಜುಗಡ್ಡೆಯಲ್ಲಿ ರಂಧ್ರ ಕೊರೆಯುವಾಗ ಮೈ ಬೆವರುವುದರಿಂದ ಆಗ ಜಾಕೆಟ್ ತೆರೆದಿಟ್ಟು, ಕುಳಿತ ಕೂಡಲೇ ಮುಚ್ಚಿಕೊಳ್ಳಿ.

ಪಾದಗಳ ವಿಷಯದಲ್ಲಿ ಅನೇಕರು ಎಡವುತ್ತಾರೆ: ಎರಡು ಮೂರು ಜೊತೆ ಕಾಲುಚೀಲ ತುರುಕಿದ ಬಿಗಿಯಾದ ಬೂಟಿನಲ್ಲಿ ರಕ್ತಸಂಚಾರ ಕುಂದಿ ಬೆರಳುಗಳು ಬೇಗನೆ ಮರಗಟ್ಟುತ್ತವೆ. ಬೆರಳಾಡುವಷ್ಟು ಸಡಿಲವಾದ ಬೂಟು, ಒಂದೇ ಜೊತೆ ದಪ್ಪ ಉಣ್ಣೆಯ ಕಾಲುಚೀಲ, ಮಂಜುಗಡ್ಡೆಯ ತಣ್ಪು ನೇರವಾಗಿ ತಾಗದಂತೆ ಕಾಲಡಿಗೊಂದು ಫೋಮ್ ಹಾಸು, ಇಷ್ಟಿದ್ದರೆ ಹೆಚ್ಚು ಹೊತ್ತು ಕೂರಬಹುದು. ಮೀನು ಬಿಡಿಸುವಾಗ ಕೈಗವಸು ಒದ್ದೆಯಾಗುವುದು ತಪ್ಪದು. ಆದ್ದರಿಂದ ಒಣಗಿದ ಇನ್ನೊಂದು ಜೊತೆಯನ್ನು ಎದೆಯ ಜೇಬಿನಲ್ಲಿ ಬೆಚ್ಚಗಿಟ್ಟುಕೊಳ್ಳಿ.