ಗೋಡೆ ಕೆರೆಯದೆ ಡಬ್ಬ ತೆರೆಯಬೇಡಿ

ಗೌರಿ-ಗಣೇಶ ಕಳೆದರೆ ಮೈಸೂರಿನಲ್ಲಿ ಪೇಂಟರ್‌ಗಳು ಕೈಗೆ ಸಿಗುವುದಿಲ್ಲ. ಗೊಂಬೆ ಕೂರಿಸುವಷ್ಟರಲ್ಲಿ, ದಸರಾಕ್ಕೆ ನೆಂಟರು ಬರುವಷ್ಟರಲ್ಲಿ ಮನೆ ಮುಗಿಯಬೇಕೆಂಬ ಅವಸರ ಎಲ್ಲರಿಗೂ. ಹತ್ತು ದಿನದ ಕೆಲಸವನ್ನು ನಾಲ್ಕು ದಿನಕ್ಕೆ ಇಳಿಸುವಾಗ ಮೊದಲು ಬಿಟ್ಟುಹೋಗುವುದು ಕೆರೆಯುವ, ಒಣಗಿಸುವ, ಉಜ್ಜುವ ದಿನಗಳು. ಯುಗಾದಿ ಹೊತ್ತಿಗೆ ಸೋಫಾ ಹಿಂದಿನ ಗೋಡೆಯಲ್ಲಿ ಬೊಬ್ಬೆ ಎದ್ದಿರುತ್ತದೆ, ಕಿಟಕಿ ಕೆಳಗೆ ಬಣ್ಣ ಹಪ್ಪಳದಂತೆ ಬಿಟ್ಟುಕೊಂಡಿರುತ್ತದೆ. ಬೈಗುಳ ಬೀಳುವುದು ಪೇಂಟ್ ಕಂಪನಿಗೆ. ಆದರೆ ಡಬ್ಬದ ಬಣ್ಣ ಬಹುಪಾಲು ಚೆನ್ನಾಗಿಯೇ ಇರುತ್ತದೆ. ಅದು ಹಿಡಿದುಕೊಳ್ಳಲು ಕೆಳಗೆ ಗಟ್ಟಿಯಾದದ್ದು ಏನೂ ಇರುವುದಿಲ್ಲ. ಬಜೆಟ್ ಬಿಗಿ ಇದ್ದರೆ ದುಬಾರಿ ಬಣ್ಣ ಬಿಟ್ಟು ಮಧ್ಯಮ ದರ್ಜೆಯದನ್ನು ತನ್ನಿ. ಉಳಿದ ಹಣವನ್ನು ಕೆರೆಯುವ ಕೂಲಿಗೆ ಕೊಡಿ.

ಹಂತ 1: ಕಾಲ ನೋಡಿ

ನಮ್ಮ ಕಡೆ ಮಳೆ ಜೋರಾಗಿರುವುದು ಮೇ ತಿಂಗಳಲ್ಲಿ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ದಸರಾ ಪೇಂಟಿಂಗ್ ಸರಿಯಾಗಿ ಆ ಎರಡನೆಯ ಮಳೆಗೇ ಸಿಕ್ಕಿಕೊಳ್ಳುತ್ತದೆ. ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗಿನ ಒಣ ಹವೆ ಒಳಗೋಡೆಗೆ ಒಳ್ಳೆಯದು. ಹಬ್ಬಕ್ಕೇ ಆಗಬೇಕೆಂದರೆ ಆಗಸ್ಟ್ ಮೊದಲ ವಾರದೊಳಗೆ ಕೆರೆತ ಮುಗಿಸಿ, ಕಿಟಕಿ ತೆರೆದಿಟ್ಟು ಗೋಡೆಗೆ ಗಾಳಿಯಾಡಲು ಬಿಡಿ.

ಹೊಸ ಮನೆಯ ಸಿಮೆಂಟ್ ಪ್ಲಾಸ್ಟರ್‌ಗೆ ಕನಿಷ್ಠ 28 ದಿನ ಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಹಸಿ ಸಿಮೆಂಟಿನ ಕ್ಷಾರ ಬಣ್ಣದ ಅಂಟನ್ನು ತಿಂದುಹಾಕುತ್ತದೆ. ಗಾಢ ಬಣ್ಣಗಳು ತೇಪೆ ತೇಪೆಯಾಗಿ ಬಿಳಚಿಕೊಳ್ಳುವುದು ಇದರಿಂದಲೇ. ಗೃಹಪ್ರವೇಶದ ಮುಹೂರ್ತ ಕಾಯುವುದಿಲ್ಲ ಎನ್ನುವವರು ಒಂದು ಕೋಟು ತೆಳು ವಾಟರ್ ಪ್ರೈಮರ್ (ಬಣ್ಣ ಹಿಡಿಯಲೆಂದು ಅಡಿಗೆ ಹೊಡೆಯುವ ಪದರ) ಹೊಡೆಸಿ ಪೂಜೆ ಮುಗಿಸಲಿ. ಪುಟ್ಟಿ (ಗೋಡೆಯನ್ನು ನುಣುಪು ಮಾಡಲು ಎಳೆಯುವ ಲೇಪ), ಬಣ್ಣ ಆಮೇಲೆ.

ಹಂತ 2: ಗೋಡೆ ಮೇಲೆ ಈಗ ಏನಿದೆ?

ಒಣ ಕಪ್ಪು ಬಟ್ಟೆಯಿಂದ ಗೋಡೆ ಒರೆಸಿ. ಬಿಳಿ ಪುಡಿ ಧಾರಾಳವಾಗಿ ಹತ್ತಿದರೆ ಅದು ಸುಣ್ಣ, ಇಲ್ಲವೇ ಸತ್ತುಹೋದ ಡಿಸ್ಟೆಂಪರ್ (ಚಾಕ್ ಪುಡಿಯ ಅಗ್ಗದ ಬಣ್ಣ). ಒದ್ದೆ ಬಟ್ಟೆಯಲ್ಲಿ ಉಜ್ಜಿದಾಗ ಬಣ್ಣ ಕೈಗೆ ಬಂದರೆ ಡಿಸ್ಟೆಂಪರ್. ಏನೂ ಬಾರದಿದ್ದರೆ ಎಮಲ್ಷನ್, ಅಂದರೆ ನೀರು ಬೆರೆಸಿ ಹೊಡೆಯುವ ಪ್ಲಾಸ್ಟಿಕ್ ಬಣ್ಣ. ಹೊಳಪಿದ್ದು ನೀರು ಹನಿಹನಿಯಾಗಿ ಜಾರಿದರೆ ಆಯಿಲ್ ಪೇಂಟ್.

ಎಮಲ್ಷನ್ ಗಟ್ಟಿಯಾಗಿದೆಯೇ ಎಂದು ತಿಳಿಯಲು ಬ್ಲೇಡಿನಿಂದ ಅಡ್ಡ ಗುಣಿಸು ಗುರುತು ಗೀರಿ, ಪ್ಯಾಕಿಂಗ್ ಟೇಪನ್ನು ಒತ್ತಿ ಅಂಟಿಸಿ, ಫಟ್ಟನೆ ಎಳೆಯಿರಿ. ಚಕ್ಕೆ ಟೇಪಿಗೆ ಬಂದರೆ ಆ ಪದರ ಪೂರ್ತಿ ಹೋಗಬೇಕು. ಪ್ರತಿ ಗೋಡೆಯಲ್ಲೂ ಮೇಲೆ, ನಡುವೆ, ಕೆಳಗೆ ಮೂರು ಕಡೆ ನೋಡಿ. ಒಂದೇ ಕೋಣೆಯಲ್ಲಿ ಒಂದು ಗೋಡೆ ಗಟ್ಟಿ, ಇನ್ನೊಂದು ಸಡಿಲ ಇರುವುದು ಮಾಮೂಲಿ.

ಮೈಸೂರಿನ ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ಚಾಮರಾಜಪುರಂ ಕಡೆ ಉಳಿದಿರುವ ಹಳೆಯ ಸುಣ್ಣದ ಗಾರೆಯ ಮನೆಗಳ ಮಾತೇ ಬೇರೆ. ಆ ಗೋಡೆ ತೇವವನ್ನು ಹೀರಿ ಹೊರಗೆ ಬಿಡುತ್ತಾ ಬದುಕುತ್ತದೆ. ಅದರ ಮೇಲೆ ಸಿಮೆಂಟ್ ಪುಟ್ಟಿ ಮತ್ತು ಪ್ಲಾಸ್ಟಿಕ್ ಎಮಲ್ಷನ್ ಎಳೆದರೆ ತೇವ ಒಳಗೇ ಸಿಕ್ಕಿ, ಗಾರೆಯೇ ಪುಡಿಯಾಗಿ ಉದುರುತ್ತದೆ. ಅಂಥ ಗೋಡೆಗೆ ಚೆನ್ನಾಗಿ ನೆನೆಸಿ ಸೋಸಿದ ಸುಣ್ಣವನ್ನೇ ತೆಳ್ಳಗೆ ಮೂರು ಕೋಟು ಹೊಡೆಸಿ, ಒಂದೊಂದು ಕೋಟಿನ ನಡುವೆ ಒಂದು ದಿನ ಬಿಟ್ಟು. ಮುಂದಿನ ಹಂತಗಳು ಸಿಮೆಂಟ್ ಗೋಡೆಗಳಿಗೆ.

ಹಂತ 3: ತೇವದ ಮೂಲ ಹಿಡಿಯಿರಿ

ಬಹಳಷ್ಟು ಕೆಲಸ ಕೆಡುವುದು ಇಲ್ಲೇ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಬಿಗಿದು ಒಂದು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿ ಕಟ್ಟಿದ್ದರೆ ಅಥವಾ ಹಾಳೆಯಡಿಯ ಗೋಡೆ ಕಪ್ಪಾಗಿದ್ದರೆ ಪುಟ್ಟಿ ಮುಟ್ಟಬೇಡಿ.

ತೇವ ಎಲ್ಲಿದೆ ಎನ್ನುವುದೇ ಕಾರಣವನ್ನು ಹೇಳುತ್ತದೆ. ಸೂರಿನ ಕೆಳಗಿದ್ದರೆ ತಾರಸಿಯ ಇಳಿಜಾರು ಮತ್ತು ಮಳೆನೀರು ಕೊಳವೆಯ ಬಾಯಿ ನೋಡಿ. ಕಿಟಕಿಯ ಮೂಲೆಗಳಲ್ಲಿದ್ದರೆ ಸಜ್ಜಾದ ಮೇಲ್ಭಾಗ, ಕಿಟಕಿ ಕಟ್ಟೆಯ ಸಂದು ನೋಡಿ. ಬಚ್ಚಲುಮನೆಯ ಹಿಂಬದಿಯ ಗೋಡೆಯಾದರೆ ಪೈಪಿನ ಜಾಯಿಂಟ್ ಅಥವಾ ಟೈಲ್ಸ್ ಸಂದು. ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ ಒಂದೇ ಸಮನೆ ಗೆರೆ ಎಳೆದಂತಿದ್ದರೆ ನೀರು ತಳಪಾಯದಿಂದ ಏರುತ್ತಿದೆ. ಮಂಡ್ಯ ಸುತ್ತ ನಾಲೆಗೆ ನೀರು ಬಿಟ್ಟ ಮೇಲೆ ಗದ್ದೆ ಬದಿಯ ಮನೆಗಳಲ್ಲಿ ಕಾಣುವುದು ಈ ತೇವ. ಬೇಸಿಗೆಯಲ್ಲಿ ಒಣಗಿದ ಹಾಗೆ ಕಂಡು ಮೋಸ ಮಾಡುತ್ತದೆ, ಆದ್ದರಿಂದ ಅಲ್ಲಿ ಹಾಳೆಯ ಪರೀಕ್ಷೆಯನ್ನು ಗದ್ದೆಯಲ್ಲಿ ನೀರಿರುವಾಗ ಮಾಡಿ.

ಏರು ತೇವಕ್ಕೆ ಒಳಗಿನಿಂದ ಹೊಡೆಯುವ ‘ಡ್ಯಾಂಪ್ ಪ್ರೂಫ್’ ಡಬ್ಬಗಳನ್ನು ಅಂಗಡಿಯವರು ಎತ್ತಿಕೊಡುತ್ತಾರೆ. ನಂಬಬೇಡಿ. ಮೂರಡಿಗೆ ಮುಚ್ಚಿದರೆ ನೀರು ನಾಲ್ಕನೆಯ ಅಡಿಯಲ್ಲಿ ಹೊರಗೆ ಬರುತ್ತದೆ, ಇಲ್ಲವೇ ಆ ಪದರವನ್ನೇ ತಳ್ಳಿ ಉದುರಿಸುತ್ತದೆ. ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ ಪ್ಲಾಸ್ಟರ್ ಕಿತ್ತು, ಗೋಡೆಯ ಬುಡಕ್ಕೆ ತೂತು ಕೊರೆದು ತೇವ ತಡೆಯುವ ರಾಸಾಯನಿಕದ ಇಂಜೆಕ್ಷನ್ ಮಾಡಿಸಿ, ವಾಟರ್‌ಪ್ರೂಫಿಂಗ್ ದ್ರಾವಣ ಬೆರೆಸಿದ ಗಾರೆಯಲ್ಲಿ ಮತ್ತೆ ಪ್ಲಾಸ್ಟರ್ ಮಾಡಿಸಬೇಕು. ಈ ವರ್ಷ ಅಷ್ಟು ಹಣವಿಲ್ಲದಿದ್ದರೆ ಆ ಗೋಡೆಯೊಂದನ್ನು ಬಿಟ್ಟು ಉಳಿದವಕ್ಕೆ ಬಣ್ಣ ಹೊಡೆಸಿ.

ಗೋಡೆ ಉಪ್ಪು ಬಿಟ್ಟಿದ್ದರೆ ನೀರು ಹಾಕಿ ತೊಳೆಯಬೇಡಿ. ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಒಣ ನಾರಿನ ಬ್ರಷ್ಷಿನಲ್ಲಿ ಉಜ್ಜಿ, ಪುಡಿಯನ್ನು ಗುಡಿಸಿ ಹೊರಗೆ ಹಾಕಿ. ವಾರ ಬಿಟ್ಟು ನೋಡಿ. ಮತ್ತೆ ಬಂದರೆ ಒಳಗೆ ಇನ್ನೂ ನೀರಿದೆ ಎಂದೇ ಅರ್ಥ. ಬೂಷ್ಟು ಹಿಡಿದ ಕಡೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಮೂರು ಪಾಲು ನೀರು ಬೆರೆಸಿ ಹಚ್ಚಿ, ಕಾಲು ಗಂಟೆ ಬಿಟ್ಟು ಉಜ್ಜಿ ತೊಳೆಯಿರಿ. ಅದರ ಜೊತೆ ಆಸಿಡ್ಡಾಗಲಿ ಟಾಯ್ಲೆಟ್ ಕ್ಲೀನರ್ ಆಗಲಿ ಸೇರಿಸಲೇಬಾರದು, ವಿಷಗಾಳಿ ಏಳುತ್ತದೆ. ಬೂಷ್ಟಿನ ಮೇಲೆ ಹಾಗೇ ಪ್ರೈಮರ್ ಹೊಡೆದರೆ ಮಳೆಗಾಲಕ್ಕೆ ಕಪ್ಪು ಚುಕ್ಕೆ ಮತ್ತೆ ಹಾಜರ್.

ಹಂತ 4: ಕೆರೆತ

ಸುಣ್ಣ ಮತ್ತು ಡಿಸ್ಟೆಂಪರನ್ನು ಪೂರ್ತಿ ತೆಗೆಯಬೇಕು, ‘ಸಡಿಲ ಇರೋ ಕಡೆ ಮಾತ್ರ ಕೆರೀತೀವಿ ಸಾರ್’ ಎಂದರೆ ಒಪ್ಪಬೇಡಿ. ಒಂದು ಗೋಡೆಗೆ ನೀರು ಚಿಮುಕಿಸಿ ಅರ್ಧ ಗಂಟೆ ಬಿಟ್ಟರೆ ಪದರ ಮೆತ್ತಗಾಗಿ ನಾಲ್ಕಿಂಚಿನ ಪಟ್ಟಿಗೆ (ಕೆರೆಯುವ ತಗಡಿನ ಅಲಗು) ಸುರುಳಿಯಾಗಿ ಬರುತ್ತದೆ, ಧೂಳೂ ಕಡಿಮೆ. ಪಟ್ಟಿಯನ್ನು ಗೋಡೆಗೆ ಬಾಗಿಸಿ ಹಿಡಿಯಬೇಕು; ನೆಟ್ಟಗೆ ಹಿಡಿದರೆ ಪ್ಲಾಸ್ಟರಿಗೆ ಗೀರು ಬಿದ್ದು ಪುಟ್ಟಿ ಖರ್ಚು ಏರುತ್ತದೆ. ಸೂರಿನ ಮೂಲೆ, ಸ್ವಿಚ್ ಬೋರ್ಡಿನ ಸುತ್ತ, ಬಾಗಿಲ ಚೌಕಟ್ಟಿನ ಅಂಚು, ಇವೆಲ್ಲ ಪಟ್ಟಿ ಸರಿಯಾಗಿ ಹೋಗದ ಜಾಗಗಳು. ಬಣ್ಣ ಬಿಟ್ಟುಕೊಳ್ಳಲು ಶುರುವಾಗುವುದೂ ಅಲ್ಲಿಂದಲೇ. ಮೇನ್ ಆಫ್ ಮಾಡಿ ಸ್ವಿಚ್ ಪ್ಲೇಟುಗಳನ್ನು ಬಿಚ್ಚಿಸಿ, ಅಲ್ಲಿಗೆ ಒಂದಿಂಚಿನ ಪಟ್ಟಿ ಮತ್ತು ವೈರ್ ಬ್ರಷ್ ಬಳಸಿ.

ಅಡುಗೆಮನೆಯ ಜಿಡ್ಡಿಗೆ ಮೊದಲು ವಾಷಿಂಗ್ ಸೋಡಾ ಹಾಕಿದ ಬಿಸಿನೀರು, ಆಮೇಲೆ ಎರಡು ಸಲ ಬರೀ ನೀರು. ಜಿಡ್ಡಿನ ಮೇಲೆ ಎಮರಿ ಪೇಪರ್ ಉಜ್ಜಿದರೆ ಜಿಡ್ಡು ಗೋಡೆಗೇ ಸವರಿಕೊಳ್ಳುತ್ತದೆ. ಆಯಿಲ್ ಪೇಂಟ್ ಗಟ್ಟಿಯಾಗಿದ್ದರೆ ಕೀಳಬೇಕಾಗಿಲ್ಲ, 100 ನಂಬರ್ ಪೇಪರ್‌ನಲ್ಲಿ ಹೊಳಪು ಪೂರ್ತಿ ಸಾಯುವವರೆಗೆ ಉಜ್ಜಿದರೆ ಸಾಕು. ಆದರೆ ಹಳೆಯ ಆಯಿಲ್ ಪೇಂಟನ್ನು ನೀರು ಹಾಕದೆ ಉಜ್ಜಬೇಡಿ. ನಮ್ಮಲ್ಲಿ ಮನೆ ಬಣ್ಣದ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೆ ಮುಂಚಿನ ಪದರಗಳಲ್ಲಿ ಸೀಸ ಇರಬಹುದು. ನೀರು ಹಾಕಿಕೊಂಡು ವಾಟರ್ ಪೇಪರ್‌ನಲ್ಲಿ (ಒದ್ದೆಯಲ್ಲೂ ಹರಿಯದ ಎಮರಿ ಪೇಪರ್) ಉಜ್ಜಿಸಿ, ಕೆಲಸದವರಿಗೆ ಒಳ್ಳೆಯ ಮಾಸ್ಕ್ ಕೊಡಿ, ಮಕ್ಕಳು ಮತ್ತು ಬಸುರಿಯರನ್ನು ಆ ದಿನಗಳಲ್ಲಿ ಬೇರೆ ಕಡೆ ಕಳಿಸಿ.

ಕೊನೆಗೆ ಇಡೀ ಗೋಡೆಯ ಧೂಳು ತೆಗೆಯಿರಿ, ಮೇಲಿನಿಂದ ಕೆಳಕ್ಕೆ. ಅಂಗೈ ಸವರಿದರೆ ಕೈ ಶುದ್ಧವಾಗಿರಬೇಕು.

ಹಂತ 5: ಬಿರುಕು

ಕೂದಲೆಳೆ ಬಿರುಕನ್ನು ಪುಟ್ಟಿಯೇ ಮುಚ್ಚುತ್ತದೆ. ಉಗುರು ಹೋಗುವಷ್ಟು ಅಗಲವಿದ್ದರೆ ಪಟ್ಟಿಯ ಮೂಲೆಯಿಂದ ‘ವಿ’ ಆಕಾರಕ್ಕೆ ಬಿಡಿಸಿ, ಧೂಳು ತೆಗೆದು, ಕ್ರ್ಯಾಕ್ ಫಿಲ್ಲರನ್ನು ಒಳಗೆ ಒತ್ತಿ ತುಂಬಬೇಕು. ಮೇಲೆ ಸವರಿ ಬಿಟ್ಟರೆ ಬಿರುಕು ಹೊಸ ಬಣ್ಣದಲ್ಲಿ ಮತ್ತೆ ಮೂಡುತ್ತದೆ. ಪಿಲ್ಲರ್ ಮತ್ತು ಇಟ್ಟಿಗೆ ಗೋಡೆ ಸೇರುವ ಕಡೆ ನೆಟ್ಟಗೆ ಓಡುವ ಬಿರುಕಿಗೆ ಫೈಬರ್ ಮೆಷ್ ಟೇಪ್ ಬೇಕೇ ಬೇಕು. ಮೆಟ್ಟಿಲಿನಂತೆ ಓರೆಯಾಗಿ ಏರಿ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರೆ ಪೇಂಟರನ್ನು ಬಿಟ್ಟು ಎಂಜಿನಿಯರನ್ನು ಕರೆಸಿ.

ಹಂತ 6: ಪುಟ್ಟಿ

ಎರಡು ಬಗೆ. ಪುಡಿಯಾಗಿ ಚೀಲದಲ್ಲಿ ಬರುವುದು ಬಿಳಿ ಸಿಮೆಂಟಿನ ಪುಟ್ಟಿ. ಬರಿಯ ಪ್ಲಾಸ್ಟರಿಗೆ, ಪೂರ್ತಿ ಕೆರೆದ ಗೋಡೆಗೆ ಅದು. ಡಬ್ಬದಲ್ಲಿ ಕಲಸಿಯೇ ಬರುವುದು ಆಕ್ರಿಲಿಕ್ ಪುಟ್ಟಿ; ಹಳೆಯ ಬಣ್ಣ ಗಟ್ಟಿಯಾಗಿ ಉಳಿದಿರುವ ಗೋಡೆಗೆ, ಪ್ರೈಮರ್ ಹೊಡೆದ ಮೇಲೆ, ಸಣ್ಣಪುಟ್ಟ ತಗ್ಗಿಗೆ ಮಾತ್ರ. ಹಳೆಯ ಎಮಲ್ಷನ್ ಮೇಲೆ ಸಿಮೆಂಟ್ ಪುಟ್ಟಿ ಎಳೆದರೆ ಹಿಡಿಯುವುದಿಲ್ಲ. ಚಾಕ್ ಪೌಡರಿಗೆ ಪ್ರೈಮರ್ ಬೆರೆಸಿ ಸ್ಥಳದಲ್ಲೇ ಕಲಸುವ ಪುಟ್ಟಿ ಇನ್ನೂ ಚಾಲ್ತಿಯಲ್ಲಿದೆ. ಅಗ್ಗ, ಉಜ್ಜಲು ಸಲೀಸು, ಒಂದು ಮೊಳೆ ಹೊಡೆದರೆ ಅಂಗೈಯಗಲ ಉದುರುತ್ತದೆ. ಬೇಗ ಗಟ್ಟಿಯಾಗಲೆಂದು ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬೆರೆಸುವುದೂ ಬೇಡ. ಕೆಲವು ಚೀಲಗಳಲ್ಲಿ ಪೇಂಟರಿಗೆಂದೇ ಕಂಪನಿ ಇಡುವ ಇನಾಮಿನ ಟೋಕನ್ ಇರುತ್ತದೆ. ಟೋಕನ್ ಅವರು ಇಟ್ಟುಕೊಳ್ಳಲಿ, ಯಾವ ಚೀಲ ಎನ್ನುವುದನ್ನು ಮಾತ್ರ ನೀವೇ ತೀರ್ಮಾನಿಸಿ, ತಯಾರಾದ ತಾರೀಖು ನೋಡಿ ತನ್ನಿ. ಗಂಟು ಕಟ್ಟಿದ ಪುಡಿ ವಾಪಸ್.

ಹತ್ತು ಕೆಜಿ ಪುಡಿಗೆ ಸುಮಾರು ಮೂರೂಮುಕ್ಕಾಲು ಲೀಟರ್ ನೀರು. ಉಪ್ಪು ನೀರಿನ ಬೋರ್‌ವೆಲ್ ಇರುವವರು ಕಲಸಲು ಕಾವೇರಿ ನೀರನ್ನೇ ಹಿಡಿದಿಟ್ಟುಕೊಳ್ಳಿ. ನೀರಿಗೆ ಪುಡಿ ಹಾಕುತ್ತಾ ಕಲಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಕಲಸಿ. ಎರಡು ಗಂಟೆಯೊಳಗೆ ಮುಗಿಯುವಷ್ಟೇ ಕಲಸಬೇಕು. ಗಟ್ಟಿಯಾದದ್ದಕ್ಕೆ ನೀರು ಹಾಕಿ ಎಬ್ಬಿಸುವುದು ಅಭ್ಯಾಸವಾಗಿಬಿಟ್ಟಿದೆ. ಅಂಥ ಪುಟ್ಟಿಗೆ ಕಸುವಿರುವುದಿಲ್ಲ, ಚೆಲ್ಲಬೇಕು.

ಎಳೆಯುವ ಮುಂಚೆ ಗೋಡೆಗೆ ನೀರು ಚಿಮುಕಿಸಿ. ಮೇಲ್ಮೈ ಒದ್ದೆಯಾಗಿರಬೇಕು, ಹರಿಯಬಾರದು. ಒಣ ಪ್ಲಾಸ್ಟರ್ ಪುಟ್ಟಿಯ ನೀರನ್ನೆಲ್ಲ ಹೀರಿಬಿಟ್ಟರೆ ಸಿಮೆಂಟು ಗಟ್ಟಿಯಾಗುವುದೇ ಇಲ್ಲ. ಬೆರಳಲ್ಲಿ ಉಜ್ಜಿದರೆ ಪುಡಿ ಉದುರುವ ಗೋಡೆಗಳೆಲ್ಲ ಹೀಗಾದವು. ಮೊದಲ ಕೋಟು ಕೆಳಗಿನಿಂದ ಮೇಲಕ್ಕೆ, ಒಂದು ಮಿಲಿಮೀಟರಿಗಿಂತ ದಪ್ಪ ಬೇಡ. ಒಂದು ರಾತ್ರಿ ಬಿಟ್ಟು, ಗಂಟುಗಳನ್ನು ಪಟ್ಟಿಯಲ್ಲಿ ಕೆತ್ತಿ, ಎರಡನೆಯ ಕೋಟು ಇನ್ನೂ ತೆಳ್ಳಗೆ. ಎರಡೂ ಸೇರಿ ಒಂದೂವರೆ ಮಿಲಿಮೀಟರ್ ಮೀರಬಾರದು. ಮೂರು ನಾಲ್ಕು ಮಿಲಿಮೀಟರಿನ ತಗ್ಗಿದ್ದರೆ ಅದನ್ನು ಪುಟ್ಟಿಯಲ್ಲಿ ತುಂಬದೆ ಗಾರೆಯಲ್ಲಿ ಸರಿಮಾಡಿಸಿ, ದಪ್ಪ ಪುಟ್ಟಿ ಒಣಗುತ್ತಾ ಬಿರಿಯುತ್ತದೆ.

ಮರುದಿನ ಉಜ್ಜುವಾಗ ಟ್ಯೂಬ್‌ಲೈಟ್ ಬೆಳಕನ್ನು ನಂಬಬೇಡಿ. ಕತ್ತಲೆ ಮಾಡಿ, ಎಲ್‌ಇಡಿ ಬಲ್ಬ್ ಅಥವಾ ಟಾರ್ಚನ್ನು ಗೋಡೆಗೆ ತಾಗಿದಂತೆ ಪಕ್ಕದಿಂದ ಹಿಡಿಯಿರಿ. ಪ್ರತಿ ಉಬ್ಬು, ಪಟ್ಟಿಯ ಪ್ರತಿ ಗೆರೆ ನೆರಳಾಗಿ ಕಾಣುತ್ತದೆ. ಪೆನ್ಸಿಲಿನಲ್ಲಿ ಸುತ್ತು ಹಾಕಿ, ಮೊದಲು 180, ಆಮೇಲೆ 320 ಪೇಪರನ್ನು ಮರದ ತುಂಡಿಗೆ ಸುತ್ತಿ ಉಜ್ಜಿಸಿ. ಬರಿಗೈಯಲ್ಲಿ ಉಜ್ಜಿದರೆ ಬೆರಳಿನ ತಗ್ಗು ಉಳಿಯುತ್ತದೆ.

ಲೆಕ್ಕ ಹೀಗೆ: ಹತ್ತು-ಹನ್ನೆರಡು ಅಡಿಯ, ಹತ್ತಡಿ ಎತ್ತರದ ಕೋಣೆಗೆ ನಾಲ್ಕು ಗೋಡೆ 440 ಚದರಡಿ, ಒಂದು ಬಾಗಿಲು, ಒಂದು ಕಿಟಕಿ ಕಳೆದರೆ 400ರ ಆಸುಪಾಸು, ಸೂರು 120. ಸಾಧಾರಣ ಪ್ಲಾಸ್ಟರಿಗೆ ಎರಡು ಕೋಟು ಸೇರಿ ಕೆಜಿಗೆ 12 ಚದರಡಿಯಂತೆ 40 ಕೆಜಿಯ ಒಂದು ಚೀಲ, ಮೇಲೆ ಮೂರು ನಾಲ್ಕು ಕೆಜಿ.

ಹಂತ 7: ಪ್ರೈಮರ್

ಪುಟ್ಟಿ ಚೀಲದ ಮೇಲೆ ‘ಪ್ರೈಮರ್ ಬೇಡ’ ಎಂದು ಬರೆದಿದ್ದರೂ ಒಂದು ಕೋಟು ಹೊಡೆಸಿ. ನೀರಿನ ಅಳತೆ ಡಬ್ಬದ ಮೇಲಿರುವಂತೆ, ಅಳತೆಯ ಜಗ್ಗಿನಲ್ಲಿ. ಒಣಗಿದ ಮೇಲೆ ಮತ್ತೆ ಟಾರ್ಚ್ ಹಿಡಿಯಿರಿ. ಉಳಿದ ತಗ್ಗುಗಳು ಈಗ ಸ್ಪಷ್ಟವಾಗಿ ಕಾಣುತ್ತವೆ. ಆಕ್ರಿಲಿಕ್ ಪುಟ್ಟಿ ಮುಟ್ಟಿಸಿ ಉಜ್ಜಿ, ಆ ಜಾಗಕ್ಕೆ ಮತ್ತೆ ಪ್ರೈಮರ್ ಹಚ್ಚಲು ಮರೆಯಬೇಡಿ. ಮರೆತರೆ ಬಣ್ಣದಲ್ಲಿ ಅಲ್ಲೊಂದು ಮಂಕು ತೇಪೆ ಉಳಿಯುತ್ತದೆ.

ಹಂತ 8: ಬಣ್ಣ

ಮೊದಲು ಸೂರು, ಆಮೇಲೆ ಗೋಡೆ, ಕೊನೆಗೆ ಬಾಗಿಲು-ಕಿಟಕಿ. ಒಂದೇ ಶೇಡಿನ ಎಲ್ಲ ಡಬ್ಬಗಳನ್ನು ದೊಡ್ಡ ಬಕೆಟ್ಟಿಗೆ ಸುರಿದು ಬೆರೆಸಿಕೊಳ್ಳಿ, ಯಂತ್ರದಲ್ಲಿ ಬೆರೆಸಿದ ಎರಡು ಡಬ್ಬಗಳಲ್ಲೂ ಕೂದಲೆಳೆ ವ್ಯತ್ಯಾಸ ಇರಬಹುದು. ಹಿಂದೆ ಲೆಕ್ಕ ಹಾಕಿದ ಕೋಣೆಯ ಗೋಡೆಗೆ ಎರಡು ಕೋಟಿಗೆ ನಾಲ್ಕು ಲೀಟರ್ ಎಮಲ್ಷನ್ ಸಾಕು. ಎರಡೂವರೆ ಇಂಚಿನ ಬ್ರಷ್ಷಿನಲ್ಲಿ ಅಂಚು ಬಳಿದು, ಅದು ಒಣಗುವ ಮುಂಚೆ ಒಂಬತ್ತಿಂಚಿನ ರೋಲರ್ ಓಡಿಸಿ. ಗೋಡೆಯ ನಡುವೆ ನಿಲ್ಲಿಸಿ ಊಟಕ್ಕೆ ಹೋದರೆ ಸೇರುವ ಗೆರೆ ಶಾಶ್ವತ. ಕೋಟಿನ ನಡುವೆ ನಾಲ್ಕು ಗಂಟೆ, ಮಳೆಯಿದ್ದರೆ ಒಂದು ರಾತ್ರಿ. ಹಾಲಿಗೆ ಹೊಳಪಿಲ್ಲದ ಮ್ಯಾಟ್ ಬಣ್ಣ ಆರಿಸಿ, ಅದು ಗೋಡೆಯ ಏರಿಳಿತವನ್ನು ಮುಚ್ಚುತ್ತದೆ, ಹೊಳಪಿನದು ಅಡುಗೆಮನೆಗೆ.

ಉಳಿದ ಬಣ್ಣವನ್ನು ಸಣ್ಣ ಡಬ್ಬಕ್ಕೆ ಸುರಿದು ಬಾಯಿ ಬಿಗಿದು, ಶೇಡ್ ನಂಬರ್, ಕೋಣೆ, ತಾರೀಖು ಬರೆದಿಡಿ. ಮುಂದೆ ಎಲ್ಲಾದರೂ ಗೀರು ಬಿದ್ದಾಗ ಬ್ರಷ್ಷಿನಿಂದ ತಿದ್ದಬೇಡಿ, ಸಣ್ಣ ರೋಲರಿನಿಂದಲೇ ತಿದ್ದಿ. ಬ್ರಷ್ಷಿನ ಗೆರೆ ಅಕ್ಕಪಕ್ಕದ ರೋಲರ್ ಮೇಲ್ಮೈಗೆ ಹೊಂದುವುದಿಲ್ಲ.